ಅವನ ಅಮ್ಮನಿಗೆ ಫೋನಲ್ಲಿ ಹೇಳಿದ ಸುಳ್ಳುಗಳು

"ಆಂಟಿ, ಅವನು ಲೈಬ್ರರಿಗೆ ಹೋಗಿದ್ದಾನೆ. ಫೋನ್ ರೂಮಲ್ಲೇ ಬಿಟ್ಟು ಹೋಗಿದ್ದಾನೆ. ಬಂದ ಮೇಲೆ ಮಾಡೋಕೆ ಹೇಳ್ತೀನಿ."

ಹಾಸ್ಟೆಲಿನ ಎರಡನೇ ವರ್ಷದಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ, ಲೆಕ್ಕ ಇಟ್ಟಿಲ್ಲ. ಹೇಳುವಾಗ ಅವನು, ನನ್ನ ರೂಂಮೇಟ್, ನನ್ನಿಂದ ನಾಲ್ಕು ಅಡಿ ದೂರದ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಸಂಜೆ ನಾಲ್ಕು ಗಂಟೆ. ಆ ದಿನದ ಕ್ಲಾಸುಗಳೆಲ್ಲ ಮುಗಿದಿರುತ್ತಿದ್ದವು, ಅದರಲ್ಲಿ ಎರಡಕ್ಕೆ ಅವನ ಪ್ರಾಕ್ಸಿ ನಾನೇ ಕೊಟ್ಟಿರುತ್ತಿದ್ದೆ. ಅವರಮ್ಮ "ಆಯ್ತಪ್ಪ, ನೀನಿದ್ದೀಯಲ್ಲ, ನನಗೆ ಧೈರ್ಯ" ಅಂತ ಫೋನಿಡುತ್ತಿದ್ದರು.

ನಾವಿಬ್ಬರೂ ಇದಕ್ಕೆ ಇಟ್ಟುಕೊಂಡಿದ್ದ ಹೆಸರು 'ಸ್ಟ್ರೆಸ್'. ಅವನಿಗೆ ಸ್ಟ್ರೆಸ್ ಜಾಸ್ತಿ ಆಗಿದೆ, ಸ್ವಲ್ಪ ದಿನ ಬಿಟ್ಟರೆ ಸರಿ ಹೋಗುತ್ತಾನೆ. ಕಾಲೇಜಿನಲ್ಲಿ ಆ ಒಂದು ಪದದ ಹಿಂದೆ ಏನನ್ನು ಬೇಕಾದರೂ ಬಚ್ಚಿಡಬಹುದು, ಯಾರೂ ತೆಗೆದು ನೋಡುವುದಿಲ್ಲ.

ಇಷ್ಟು ವರ್ಷ ಸುಮ್ಮನಿದ್ದು ಈಗ ಬರೆಯುತ್ತಿರುವುದಕ್ಕೆ ಕಾರಣ ನನ್ನ ಚಿಕ್ಕಮ್ಮನ ಮಗ. ಈ ವರ್ಷ ಕಾಲೇಜು ಸೇರಿದ. "ಸ್ವಲ್ಪ ಬುದ್ಧಿ ಹೇಳು ಅವನಿಗೆ, ನಿನ್ನ ಮಾತು ಕೇಳ್ತಾನೆ" ಅಂತ ಚಿಕ್ಕಮ್ಮ ಹೇಳಿದರು. ನಾನು ಬಾಯಿ ತೆಗೆಯುವುದರೊಳಗೆ ಅವನೇ "ಡ್ರಗ್ಸ್ ಬಗ್ಗೆನಾ ಅಣ್ಣಾ? ಅದೆಲ್ಲ ಗೊತ್ತು ಬಿಡು, ಮೊದಲನೇ ವಾರದಲ್ಲೇ ಲೆಕ್ಚರ್ ಕೊಟ್ರು" ಅಂದ. ನಮಗೂ ಕೊಟ್ಟಿದ್ದರು. ಅದನ್ನು ನೆನೆಸಿಕೊಂಡೇ ಇದನ್ನು ಬರೆಯೋಣ ಅನ್ನಿಸಿತು.

ಆ ಲೆಕ್ಚರ್ ಹೇಗಿತ್ತು ಅಂದರೆ, ದೊಡ್ಡ ಹಾಲ್, ಪರದೆ ಮೇಲೆ ಹಾಳಾದ ಹಲ್ಲುಗಳ ಫೋಟೋ, ಮೈಕಿನಲ್ಲಿ ಒಬ್ಬರು "ಒಂದೇ ಒಂದು ಸಲ ಮುಟ್ಟಿದರೆ ನಿಮ್ಮ ಜೀವನ ಮುಗೀತು" ಅಂತ ಗುಡುಗುತ್ತಿದ್ದರು. ವ್ಯವಸ್ಥೆ ನೋಡಿಕೊಳ್ಳಲು ನಿಂತಿದ್ದ ಸೀನಿಯರ್‌ಗಳಲ್ಲಿ ಒಬ್ಬ ಪ್ರತಿ ಶನಿವಾರ ಗಾಂಜಾ ಸೇದುವವನು ಅಂತ ಅರ್ಧ ಹಾಸ್ಟೆಲಿಗೆ ಗೊತ್ತಿತ್ತು. ಅವನೇ ಕ್ಲಾಸಿಗೆ ಫಸ್ಟ್. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಅವತ್ತು ಅವರು ಹೇಳಿದ್ದರಲ್ಲಿ ನಿಜವೂ ಬೇಕಾದಷ್ಟಿತ್ತು. ಆದರೆ ಒಂದು ಮಾತು ಕಣ್ಣೆದುರೇ ಸುಳ್ಳಾಯಿತಲ್ಲ, ಉಳಿದದ್ದನ್ನೆಲ್ಲ ಅದರ ಜೊತೆಗೇ ಕಸಕ್ಕೆ ಹಾಕಿದೆವು.

ನಿಜವಾದ ಲೆಕ್ಕ ಇದು. 1990ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಸಮೀಕ್ಷೆ ನಡೆಯಿತು. ಒಂದು ಸಲವಾದರೂ ರುಚಿ ನೋಡಿದವರಲ್ಲಿ ಎಷ್ಟು ಜನ ಮುಂದೆ ಅದಕ್ಕೆ ಅಂಟಿಕೊಂಡರು ಅಂತ ನೋಡಿದರು. ತಂಬಾಕಿಗೆ ಸುಮಾರು ಶೇ. 32. ಹೆರಾಯಿನ್‌ಗೆ ಶೇ. 23. ಕೊಕೇನ್‌ಗೆ ಶೇ. 17, ಮದ್ಯಕ್ಕೆ ಶೇ. 15, ಗಾಂಜಾಕ್ಕೆ ಶೇ. 9. ಅಂದರೆ ಮುಟ್ಟಿದವರೆಲ್ಲ ಮುಳುಗುವುದಿಲ್ಲ, ಹೆಚ್ಚಿನವರು ಹೇಗೋ ದಡ ಸೇರುತ್ತಾರೆ. ಇದನ್ನು ಓದಿ "ಹಾಗಾದ್ರೆ ಗಾಂಜಾ ಓಕೆ ಅಲ್ವಾ" ಅನ್ನುವವರು ಇದ್ದೇ ಇರುತ್ತಾರೆ, ನನ್ನ ತಮ್ಮನೂ ಅಂದ. ಸ್ವಲ್ಪ ತಡಿ. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಗಾಂಜಾದ ಲೆಕ್ಕ ಸುಮಾರು ಆರಕ್ಕೆ ಒಬ್ಬರಂತೆ ಏರುತ್ತದೆ. ಆ ಕಾಲದ ಗಾಂಜಾಕ್ಕೂ ಈಗಿನದಕ್ಕೂ ಹೋಲಿಕೆಯೇ ಇಲ್ಲ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ನಶೆ ಏರಿಸುವ ಟಿಎಚ್‌ಸಿ 1995ರಲ್ಲಿ ಸುಮಾರು ಶೇ. 4 ಇತ್ತು, ಇಪ್ಪತ್ತು ವರ್ಷದಲ್ಲಿ ಅದು ಸುಮಾರು ಮೂರು ಪಟ್ಟಾಯಿತು. ಮನೆತನದಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆ ಇದ್ದರಂತೂ, ಗಾಂಜಾ ಅದನ್ನು ತಟ್ಟಿ ಎಬ್ಬಿಸುವ ಸಾಧ್ಯತೆ ಬೇರೆ.

ಇನ್ನೊಂದು ವಿಷಯ. ನೂರರಲ್ಲಿ ಆ ಒಂಬತ್ತು ಜನ ಯಾರು ಅಂತ ಹಣೆ ಮೇಲೆ ಬರೆದಿರುವುದಿಲ್ಲ. ಚಟ ಹತ್ತುವ ಸಾಧ್ಯತೆಯಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಹುಟ್ಟಿನಿಂದಲೇ ಬರುತ್ತದೆ ಅಂತ ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ಉಳಿದರ್ಧ ನೀನು ಯಾವ ವಯಸ್ಸಲ್ಲಿ ಶುರು ಮಾಡಿದೆ, ಸುತ್ತ ಯಾರಿದ್ದರು, ಮನಸ್ಸಿನಲ್ಲಿ ಆಗಲೇ ಏನು ಕುದಿಯುತ್ತಿತ್ತು ಅನ್ನುವುದರ ಮೇಲೆ. ಒಂದೇ ಟೇಬಲ್ಲಿನಲ್ಲಿ ಕೂತ ನಾಲ್ಕು ಜನರಲ್ಲಿ ಮೂವರಿಗೆ ಅದು ಒಂದು ಸಂಜೆಯ ಮೋಜು. ನಾಲ್ಕನೆಯವನಿಗೆ, ಎಷ್ಟೋ ತಿಂಗಳಿಂದ ತಲೆಯಲ್ಲಿದ್ದ ಸದ್ದು ಮೊದಲ ಸಲ ನಿಂತ ಹಾಗೆ. ನನ್ನ ರೂಂಮೇಟ್ ಆ ನಾಲ್ಕನೆಯವನು.

ಆದರೆ ಅವನು ಶುರು ಮಾಡಿದ್ದು ಪಾರ್ಟಿಯಲ್ಲಲ್ಲ. ಪರೀಕ್ಷೆಯ ಹಿಂದಿನ ರಾತ್ರಿ.

ಕಾರಿಡಾರಿನ ಕೊನೆಯ ರೂಮಿನ ಹುಡುಗನೊಬ್ಬನಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ, ಇತ್ತು. ಡಾಕ್ಟರ್ ಬರೆದುಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಅವನಿಗೆ ಅದು ಬೇಕಾದದ್ದೇ. ಆ ಮಾತ್ರೆಗಳ ಬಗ್ಗೆ ನನಗೆ ಯಾವ ಜಗಳವೂ ಇಲ್ಲ, ಬೇಕಾದವರಿಗೆ ಅಳತೆ ನೋಡಿ ಕೊಟ್ಟರೆ ಅದು ಬದುಕನ್ನೇ ಹಳಿಗೆ ತರುತ್ತದೆ. ಆದರೆ ಪರೀಕ್ಷೆ ವಾರದಲ್ಲಿ ಅವನ ರೂಮಿಗೆ ಇದ್ದಕ್ಕಿದ್ದಂತೆ ಸ್ನೇಹಿತರು ಜಾಸ್ತಿಯಾದರು. ಒಂದು ಮಾತ್ರೆ ಕೊಡೋ, ಒಂದೇ ಒಂದು. ನನ್ನವನೂ ತಂದ. ಆ ರಾತ್ರಿ ಅವನು ಕುರ್ಚಿಯಿಂದ ಎದ್ದದ್ದು ನಾನು ನೋಡಲಿಲ್ಲ. ಬೆಳಗ್ಗೆ ಐದಕ್ಕೆ ಕಣ್ಣು ಬಿಟ್ಟರೆ ಇನ್ನೂ ಬರೆಯುತ್ತಿದ್ದ, ಮೂರು ಬಣ್ಣದ ಪೆನ್ನಿನಲ್ಲಿ ಅಡಿಗೆರೆ ಎಳೆದು ನೋಟ್ಸು ಮಾಡಿದ್ದ. "ಮಗಾ, ತಲೆ ಎಷ್ಟು ಕ್ಲಿಯರ್ ಆಗಿದೆ ಗೊತ್ತಾ" ಅಂದ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಆ ನೋಟ್ಸು ನಾನು ಆಮೇಲೆ ನೋಡಿದೆ. ಮೊದಲನೇ ಅಧ್ಯಾಯಕ್ಕೆ ಹದಿನೆಂಟು ಪುಟ. ಮೂರನೆಯದನ್ನು ಮುಟ್ಟೇ ಇಲ್ಲ. ಪ್ರಶ್ನೆ ಬಂದದ್ದು ಮೂರನೆಯದರಿಂದ.

ಇದು ಅವನೊಬ್ಬನ ಕಥೆ ಅಲ್ಲ ಅಂತ ನನಗೆ ಗೊತ್ತಾದದ್ದು ತುಂಬಾ ತಡವಾಗಿ. 2023ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನ ಸಂಶೋಧಕರು 40 ಆರೋಗ್ಯವಂತರಿಗೆ ಇಂಥ ಮಾತ್ರೆಗಳನ್ನು ಕೊಟ್ಟು ನೋಡಿದರು. ಮೀಥೈಲ್‌ಫೆನಿಡೇಟ್, ಡೆಕ್ಸ್‌ಆಂಫೆಟಮಿನ್, ಮೊಡಾಫಿನಿಲ್. ಒಂದು ದಿನ ಔಷಧಿ ಏನೂ ಇಲ್ಲದ ಹುಸಿ ಮಾತ್ರೆ. ಕೊಟ್ಟ ಕೆಲಸ ಒಂದು ಲೆಕ್ಕದ ಒಗಟು: ಇಷ್ಟೇ ತೂಕ ಹಿಡಿಸುವ ಚೀಲಕ್ಕೆ ಯಾವ ಯಾವ ಸಾಮಾನು ತುಂಬಿದರೆ ಒಟ್ಟು ಬೆಲೆ ಅತಿ ಹೆಚ್ಚಾಗುತ್ತದೆ. ಮಾತ್ರೆ ತಿಂದ ದಿನ ಸರಾಸರಿ ಲೆಕ್ಕದಲ್ಲಿ ಜನ ಹೆಚ್ಚು ಹೊತ್ತು ಕೂತರು, ಹೆಚ್ಚು ಸಾಮಾನು ಎತ್ತಿ ಎತ್ತಿ ಇಟ್ಟರು, ಒಟ್ಟಿನಲ್ಲಿ ಶ್ರಮ ಜಾಸ್ತಿ. ಉತ್ತರದ ಗುಣ ಮಾತ್ರ ಏರಲಿಲ್ಲ. ಪ್ರತಿಯೊಂದು ಹೆಜ್ಜೆಯೂ ಕುರುಡಾಯಿತು. ಮಾತ್ರೆ ಇಲ್ಲದ ದಿನ ಚೆನ್ನಾಗಿ ಮಾಡುತ್ತಿದ್ದವರೇ ಮಾತ್ರೆಯ ದಿನ ಸರಾಸರಿಗಿಂತ ಕೆಳಗೆ ಬೀಳುವ ಹಾಗಾಯಿತು. ಅಂದರೆ ಈ ಮಾತ್ರೆ ಕೊಡುವುದು ಓದುತ್ತಿದ್ದೇನೆ ಅನ್ನುವ ಹುಮ್ಮಸ್ಸನ್ನು. ಅದರ ಮೇಲೆ ನಿದ್ದೆಯನ್ನೂ ಕಿತ್ತುಕೊಳ್ಳುತ್ತದೆ, ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ.

ನಿದ್ದೆ. ಇಲ್ಲಿಂದಲೇ ಎರಡನೇ ಮಾತ್ರೆ ಬಂತು.

ಎಚ್ಚರವಿರಲು ಒಂದು, ಮಲಗಲು ಇನ್ನೊಂದು. ಆತಂಕಕ್ಕೆ ಅಂತ ಬರೆಯುವ ಬೆಂಜೊಡಯಜೆಪೀನ್ ಗುಂಪಿನ ಮಾತ್ರೆ. ಯಾರದೋ ಮನೆಯ ಔಷಧಿ ಡಬ್ಬಿಯಿಂದ ಬಂದದ್ದು, ಸ್ನೇಹಿತನ ಸ್ನೇಹಿತನ ಮೂಲಕ. ಮೊದಲ ವಾರ ಮಗುವಿನ ಹಾಗೆ ಮಲಗಿದ. ಮೂರನೇ ವಾರಕ್ಕೆ ಅರ್ಧ ಮಾತ್ರೆ ಒಂದಾಯಿತು. ಇದರಲ್ಲಿ ಅವನ ದುರಾಸೆ ಏನೂ ಇರಲಿಲ್ಲ. ಮಿದುಳಿಗೆ ಒಂದು ಬ್ರೇಕ್ ವ್ಯವಸ್ಥೆ ಇದೆ, ಈ ಮಾತ್ರೆಗಳು ಆ ಬ್ರೇಕನ್ನು ಒತ್ತುತ್ತವೆ. ದಿನಾ ಹೊರಗಿನವರು ಬಂದು ಬ್ರೇಕ್ ಒತ್ತುತ್ತಿದ್ದರೆ ಒಳಗಿನವನು ಕೈ ಬಿಡುತ್ತಾನೆ, ಆಕ್ಸಿಲರೇಟರನ್ನು ಸ್ವಲ್ಪ ಜಾಸ್ತಿಯೇ ತುಳಿಯುತ್ತಾನೆ. ಆಮೇಲೆ ಮಾತ್ರೆ ಒಂದು ದಿನ ಸಿಗದಿದ್ದರೆ? ಕೈ ನಡುಕ, ಬೆವರು, ಎದೆ ಬಡಿತ. ಜಾಸ್ತಿ ದಿನ ತಿಂದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣ ಹೋಗಬಹುದು. ಮದ್ಯವೂ ಹಾಗೇ. ಆದ್ದರಿಂದ "ಗಂಡಸಾದ್ರೆ ನಾಳೆಯಿಂದಲೇ ನಿಲ್ಲಿಸು" ಅಂತ ಸ್ನೇಹಿತರು ಪಂಥ ಕಟ್ಟುವುದಿದೆಯಲ್ಲ, ಅದು ಕೊಲ್ಲುವ ಸಲಹೆ. ಡಾಕ್ಟರ ಕೈಯಲ್ಲಿ, ವಾರಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸಿಕೊಂಡು ಬರಬೇಕು. ನಮಗೆ ಇದು ಗೊತ್ತಿರಲಿಲ್ಲ. ನಾನೇ ಒಂದು ಸಲ ಪಂಥ ಕಟ್ಟಿದ್ದೆ. ಅವನು ಒಂದೂವರೆ ದಿನ ತಡೆದ.

ಆ ಹೊತ್ತಿಗೆ ಸಂತೋಷ ಅನ್ನುವುದು ಅವನಿಗೆ ಇರಲಿಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. "ಮಜಾ ಬರುತ್ತೆ ಅಂತ ತಾನೇ ತಗೊಳ್ಳೋದು" ಅಂತ ಹೊರಗಿನವರು ಕೇಳುತ್ತಾರೆ. ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್ಸನ್ ಅಂತ ಇಬ್ಬರು ವಿಜ್ಞಾನಿಗಳು 1993ರಲ್ಲಿ ಒಂದು ಮಾತು ಮುಂದಿಟ್ಟರು: ಮಿದುಳಿನಲ್ಲಿ 'ಬೇಕು' ಅನ್ನುವುದೂ 'ಇಷ್ಟ' ಅನ್ನುವುದೂ ಬೇರೆ ಬೇರೆ ದಾರಿಗಳು. ಡೋಪಮೈನ್ ಅನ್ನುವ ರಾಸಾಯನಿಕವನ್ನು ನಾವು ಸುಖದ ರಸ ಅಂದುಕೊಂಡಿದ್ದೇವೆ. ಅದು ಹೆಚ್ಚಾಗಿ ಓಡುವುದು 'ಬೇಕು' ಅನ್ನುವ ದಾರಿಯಲ್ಲಿ. ಚಟ ಬೆಳೆದ ಹಾಗೆ 'ಇಷ್ಟ' ಇಳಿಯುತ್ತಾ ಹೋಗುತ್ತದೆ, 'ಬೇಕು' ಮಾತ್ರ ಏರುತ್ತಾ ಹೋಗುತ್ತದೆ. ನನ್ನ ರೂಂಮೇಟ್ ಆ ಮಾತ್ರೆಗಾಗಿ ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ನೆನೆದುಕೊಂಡು ಹೋಗಿ ಬಂದ. ನುಂಗಿದ. ಮುಖದಲ್ಲಿ ಖುಷಿಯ ಒಂದು ಗೆರೆಯೂ ಇರಲಿಲ್ಲ.

1954ರಲ್ಲಿ ಕೆನಡಾದಲ್ಲಿ ಜೇಮ್ಸ್ ಓಲ್ಡ್ಸ್, ಪೀಟರ್ ಮಿಲ್ನರ್ ಇಲಿಗಳ ಮಿದುಳಿಗೆ ತಂತಿ ಸಿಕ್ಕಿಸಿ, ಒಂದು ಸನ್ನೆಗೋಲು ಒತ್ತಿದರೆ ಸಣ್ಣ ಕರೆಂಟು ಹರಿಯುವ ಹಾಗೆ ಮಾಡಿದ್ದರು. ಮುಂದೆ ನಡೆದ ಪ್ರಯೋಗಗಳಲ್ಲಿ ಇಲಿಗಳು ಗಂಟೆಗೆ ಸಾವಿರಕ್ಕೂ ಹೆಚ್ಚು ಸಲ ಒತ್ತಿದವು, ಸುಸ್ತಾಗಿ ಬೀಳುವವರೆಗೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಇಲಿಯಲ್ಲ, ಮಳೆಯಲ್ಲಿ ಒದ್ದೆಯಾಗಿ ನಿಂತ ಅವನ ಚಪ್ಪಲಿ.

ಹದಿನೆಂಟು ಇಪ್ಪತ್ತರ ವಯಸ್ಸಿಗೆ ಇದು ಯಾಕೆ ಜಾಸ್ತಿ ತಾಗುತ್ತದೆ ಅಂದರೆ, ಹಣೆಯ ಹಿಂದಿರುವ ಮಿದುಳಿನ ಭಾಗ, ಅಂದರೆ 'ತಡಿ, ನಾಳೆ ಏನಾಗುತ್ತೆ ಯೋಚನೆ ಮಾಡು' ಅನ್ನುವ ಭಾಗ, ಪೂರ್ತಿ ಬಲಿಯುವುದು ಸುಮಾರು 25ರ ಹೊತ್ತಿಗೆ. 'ಬೇಕು' ಅನ್ನುವ ಭಾಗ ಅದಕ್ಕೂ ಮೊದಲೇ ಜೋರಾಗಿರುತ್ತದೆ. ಇಂಥ ವಯಸ್ಸಿನಲ್ಲೇ ನಾವು ಮೊದಲ ಸಲ ಮನೆ ಬಿಟ್ಟು ಹೊರಡುತ್ತೇವೆ. ಯಾರೂ ಕೇಳುವವರಿಲ್ಲ, ಗುರುತಿಲ್ಲದ ಊರು, ಪಕ್ಕದಲ್ಲಿ ಇದೇ ವಯಸ್ಸಿನ ಇನ್ನೂರು ಜನ.

ಇನ್ನು ಆ ರಾತ್ರಿಯ ವಿಷಯ. ಬರೆಯಲೋ ಬೇಡವೋ ಅಂತ ತುಂಬಾ ಯೋಚಿಸಿದೆ. ಅವನನ್ನೇ ಕೇಳಿದೆ. "ಬರಿ, ಆದ್ರೆ ನನ್ನನ್ನ ಹೀರೋ ಮಾಡ್ಬೇಡ" ಅಂದ.

ಒಬ್ಬನ ಹುಟ್ಟುಹಬ್ಬ. ಎಲ್ಲರೂ ಕುಡಿದಿದ್ದರು. ಅವನೂ ಕುಡಿದ, ಅಂಥ ಜಾಸ್ತಿ ಏನಲ್ಲ. ಆದರೆ ಸಂಜೆಯೇ ಮಾತ್ರೆ ತಿಂದಿದ್ದ, ಮಧ್ಯದಲ್ಲಿ ಇನ್ನೊಂದು. ಮದ್ಯ, ಈ ಮಾತ್ರೆ, ಹೆರಾಯಿನ್ ಜಾತಿಯ ಓಪಿಯಾಯ್ಡ್‌ಗಳು, ಇವು ಮೂರೂ ಉಸಿರಾಟವನ್ನು ನಿಧಾನ ಮಾಡುತ್ತವೆ. ಒಂದೊಂದಾಗಿ ತಡೆದುಕೊಳ್ಳುವ ದೇಹ ಎರಡು ಸೇರಿದರೆ ತಡೆಯುವುದಿಲ್ಲ. ಎಲ್ಲ ಸೇರಿ ಕೂಡಿಕೊಳ್ಳುತ್ತವೆ ಅಂತ ನಾವು ಯಾರೂ ಯೋಚಿಸಿರಲಿಲ್ಲ. ಮಾತ್ರೆ ಔಷಧಿ, ಮದ್ಯ ಪಾರ್ಟಿ, ಎರಡೂ ಬೇರೆ ಬೇರೆ ಖಾತೆ ಅಂದುಕೊಂಡಿದ್ದೆವು.

ಒಂದು ಗಂಟೆಯ ಸುಮಾರಿಗೆ ಮಲಗಿದ. ಗೊರಕೆ ಹೊಡೆಯತೊಡಗಿದ, ವಿಚಿತ್ರ ಗೊರಕೆ, ನೀರಿನಲ್ಲಿ ಗುಳುಗುಳು ಅಂದ ಹಾಗೆ. ಯಾರೋ ವಿಡಿಯೋ ಮಾಡಿದರು. ನಕ್ಕೆವು. ಆಮೇಲೆ ಗೊರಕೆಗಳ ಮಧ್ಯೆ ಅಂತರ ಜಾಸ್ತಿಯಾಯಿತು. ತುಟಿ ಬಣ್ಣ ಬದಲಾಗಿದೆ ಅಂತ ಮೊದಲು ಗಮನಿಸಿದ್ದು ನಮ್ಮಲ್ಲಿ ಎಲ್ಲರಿಗಿಂತ ಪುಕ್ಕಲ ಅಂತ ನಾವು ಆಡಿಕೊಳ್ಳುತ್ತಿದ್ದ ಹುಡುಗ. "ಆಂಬ್ಯುಲೆನ್ಸ್ ಕರೆಯೋಣ" ಅಂದ. ರೂಮಿನಲ್ಲಿ ಏಳು ಜನ ಇದ್ದೆವು. ಆರು ಜನ ಬೇಡ ಅಂದೆವು.

ಯಾಕೆ? ವಾರ್ಡನ್‌ಗೆ ಗೊತ್ತಾಗುತ್ತೆ. ಪೊಲೀಸ್ ಬಂದರೆ? ಸಸ್ಪೆಂಡ್ ಮಾಡಿದರೆ? ಮಾತ್ರೆ ಎಲ್ಲಿಂದ ಬಂತು ಅಂತ ಕೇಳಿದರೆ? ಮುಖಕ್ಕೆ ನೀರು ಎರಚಿದೆವು. ಎತ್ತಿ ಕೂರಿಸಿದೆವು. ಕಪ್ಪು ಕಾಫಿ ಕುಡಿಸಲು ನೋಡಿದವನೂ ಒಬ್ಬ, ಪ್ರಜ್ಞೆ ಇಲ್ಲದವನ ಬಾಯಿಗೆ. ಶ್ವಾಸಕೋಶಕ್ಕೆ ಇಳಿದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಹೀಗೆ ಚರ್ಚೆ ಮಾಡುತ್ತಾ ಇಪ್ಪತ್ತು ನಿಮಿಷ ಕಳೆದೆವು. ಇಪ್ಪತ್ತು ಅಂತ ಹೇಗೆ ಗೊತ್ತು ಅಂದರೆ, ಆ ವಿಡಿಯೋದಲ್ಲಿ ಒಂದು ಸಮಯ ಇತ್ತು, ಕೊನೆಗೆ ಮಾಡಿದ ಫೋನ್ ಕರೆಯಲ್ಲಿ ಇನ್ನೊಂದು. ನಾನು ಎರಡನ್ನೂ ಕಳೆದು ನೋಡಿದ್ದೇನೆ. ಕರೆ ಮಾಡಿದ್ದು ಆ ಪುಕ್ಕಲ. ನಮ್ಮ ಮಾತು ಕೇಳದೆ, ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು.

ಆ ಕಡೆಯವರು ಫೋನಿನಲ್ಲೇ ಹೇಳಿಕೊಟ್ಟರು. ಪಕ್ಕಕ್ಕೆ ಮಲಗಿಸಿ, ಮೇಲಿನ ಮಂಡಿ ಮುಂದಕ್ಕೆ ಮಡಚಿ, ತಲೆ ಸ್ವಲ್ಪ ಹಿಂದಕ್ಕೆ, ಬಾಯಿ ಕೆಳಮುಖವಾಗಿರಲಿ, ವಾಂತಿ ಆದರೆ ಹೊರಗೆ ಹರಿಯಬೇಕು. ಒಬ್ಬನೇ ಬಿಡಬೇಡಿ. ಉಸಿರು ಎಣಿಸಿ. ಉಸಿರು ನಿಂತರೆ ತಕ್ಷಣ ಹೇಳಿ, ಏನು ಮಾಡಬೇಕು ಹೇಳ್ತೀವಿ. ಏನು ತಗೊಂಡಿದ್ದಾನೆ, ಎಷ್ಟು ಹೊತ್ತಿಗೆ, ಸುಳ್ಳು ಹೇಳಬೇಡಿ. ನಮ್ಮಲ್ಲೊಬ್ಬ ಆಗಲೂ "ಬರೀ ಬಿಯರ್ ಸರ್" ಅಂದ. ಪುಕ್ಕಲ ಫೋನ್ ಕಿತ್ತುಕೊಂಡು ಮಾತ್ರೆಯ ಹೆಸರು ಓದಿ ಹೇಳಿದ.

ಆ ವಿಚಿತ್ರ ಗೊರಕೆಗೆ ನಕ್ಕೆವು ಅಂದೆನಲ್ಲ. ಉಸಿರಿನ ದಾರಿ ಮುಚ್ಚಿಕೊಳ್ಳುತ್ತಿದೆ ಅನ್ನುವುದಕ್ಕೆ ಅದೇ ಗುರುತು. "ಮಲಗಿ ಎದ್ದರೆ ಸರಿಹೋಗ್ತಾನೆ" ಅಂತ ಬಿಟ್ಟು ಬಂದ ರೂಮುಗಳಿಂದ ಬೆಳಗ್ಗೆ ಎಷ್ಟು ಹೆಣ ಹೊರಗೆ ಬಂದಿವೆಯೋ. ಓಪಿಯಾಯ್ಡ್ ಆಗಿದ್ದರೆ ನಾಲೊಕ್ಸೋನ್ ಅಂತ ಒಂದು ಔಷಧಿ ಇದೆ, ಮೂಗಿಗೆ ಸಿಂಪಡಿಸುವ ರೂಪದಲ್ಲೂ ಬರುತ್ತದೆ, ಕೆಲವೇ ನಿಮಿಷದಲ್ಲಿ ಉಸಿರು ಮರಳಿಸುತ್ತದೆ. ಅದರ ಕೆಲಸ ಬೇಗ ಮುಗಿದು ನಶೆ ಮತ್ತೆ ಏರಬಹುದು, ಹಾಗಾಗಿ ಕೊಟ್ಟ ಮೇಲೂ ಆಸ್ಪತ್ರೆಗೆ ಹೋಗಲೇಬೇಕು. ಬೆಂಜೊ ಮಾತ್ರೆಗೆ, ಮದ್ಯಕ್ಕೆ ಅದು ಕೆಲಸ ಮಾಡುವುದಿಲ್ಲ. ಆದರೆ ಏನು ತಿಂದಿದ್ದಾನೆ ಅಂತ ಅವನಿಗೇ ಗೊತ್ತಿರುತ್ತದಾ? ಕೆಲವು ದೇಶಗಳಲ್ಲಿ ಬೀದಿಯಲ್ಲಿ ಮಾರುವ ನಕಲಿ ಮಾತ್ರೆಗಳಲ್ಲಿ ಫೆಂಟನಿಲ್ ಸೇರಿಸಿರುತ್ತಾರೆ. ಅದು ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಬಲವಾದದ್ದು, ಅಭ್ಯಾಸ ಇಲ್ಲದವರಿಗೆ 2 ಮಿಲಿಗ್ರಾಂ ಸಾಕು ಪ್ರಾಣ ಹೋಗಲು. ಮಾತ್ರೆ ನೋಡಲು ಅಸಲಿಯ ಹಾಗೇ ಇರುತ್ತದೆ, ಅದೇ ಬಣ್ಣ, ಅದೇ ಅಕ್ಷರ. ಆದ್ದರಿಂದ ಗೊತ್ತಿಲ್ಲದಿದ್ದರೂ ನಾಲೊಕ್ಸೋನ್ ಸಿಕ್ಕರೆ ಕೊಡಬಹುದು, ಓಪಿಯಾಯ್ಡ್ ಇಲ್ಲದಿದ್ದರೆ ಅದರಿಂದ ಹಾನಿ ಇಲ್ಲ.

ಅವನು ಬದುಕಿದ. ಎರಡು ದಿನ ಐಸಿಯು. ಮೂರನೇ ದಿನ ಅವರಮ್ಮ ಕಾರಿಡಾರಿನಲ್ಲಿ ನನ್ನ ಪಕ್ಕ ಕೂತರು. ಬೈಯಲಿಲ್ಲ. "ಲೈಬ್ರರಿಗೆ ಹೋಗಿದ್ದಾನೆ ಅಂತಿದ್ದೆಯಲ್ಲಪ್ಪ" ಅಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಚಿಕಿತ್ಸೆಯ ಬಗ್ಗೆ ನನಗಿದ್ದ ಕಲ್ಪನೆ ಏನಂದರೆ, ಎಲ್ಲಿಗೋ ಮೂರು ತಿಂಗಳು ಕಳಿಸುತ್ತಾರೆ, ವಾಪಸ್ ಬರುವಾಗ ಹೊಸ ಮನುಷ್ಯ. ಹಾಗೇನೂ ಇಲ್ಲ. ಮಾತ್ರೆಯನ್ನು ನಿಧಾನ ಇಳಿಸಲೇ ತಿಂಗಳುಗಳು ಹಿಡಿದವು. ವಾರಕ್ಕೊಮ್ಮೆ ಕೌನ್ಸೆಲಿಂಗ್. ಅಲ್ಲಿ ಗೊತ್ತಾದದ್ದು, ಅವನಿಗೆ ಹದಿನಾರನೇ ವಯಸ್ಸಿನಿಂದ ಆತಂಕದ ಕಾಯಿಲೆ ಇತ್ತು. ಸ್ಟ್ರೆಸ್ ಅಂತ ನಾವು ಸುಮ್ನೆ ಹೇಳುತ್ತಿದ್ದ ಸುಳ್ಳಿನ ಕೆಳಗೆ ಅದರದೇ ಒಂದು ನಿಜ ಇತ್ತು. ಅದಕ್ಕೆ ಸರಿಯಾದ ಮದ್ದು ಮೊದಲೇ ಸಿಕ್ಕಿದ್ದರೆ ಈ ಮಾತ್ರೆ ಅವನಿಗೆ ಅಷ್ಟು ರುಚಿಸುತ್ತಿತ್ತಾ ಅಂತ ಯೋಚಿಸುತ್ತೇನೆ.

ಆರು ತಿಂಗಳ ಮೇಲೆ ಮತ್ತೆ ಜಾರಿದ. ಮನೆಯವರಿಗೆ ಆಕಾಶವೇ ಕಳಚಿ ಬಿದ್ದ ಹಾಗಾಯಿತು. ಚಟದ ಚಿಕಿತ್ಸೆ ಪಡೆದವರಲ್ಲಿ ಶೇ. 40ರಿಂದ 60ರಷ್ಟು ಜನ ಒಂದು ವರ್ಷದೊಳಗೆ ಮತ್ತೆ ಜಾರುತ್ತಾರೆ, ಬಿಪಿ ಅಥವಾ ಅಸ್ತಮಾ ಇರುವವರು ಮಾತ್ರೆ ಬಿಟ್ಟು ಕಾಯಿಲೆ ಮರುಕಳಿಸುವ ಲೆಕ್ಕವೂ ಹೆಚ್ಚುಕಮ್ಮಿ ಅಷ್ಟೇ. ಬಿಪಿ ಏರಿದರೆ ಯಾರನ್ನೂ "ನಿನಗೆ ಮನಸ್ಸು ಗಟ್ಟಿ ಇಲ್ಲ" ಅನ್ನುವುದಿಲ್ಲ ಅಲ್ವಾ. ಡಾಕ್ಟರಂತೂ ಗಾಬರಿಯಾಗಲಿಲ್ಲ. ಒಂದೇ ಒಂದು ವಿಷಯಕ್ಕೆ ಹೆದರಿಸಿದರು: ಬಿಟ್ಟ ಮೇಲೆ ದೇಹದ ತಾಳಿಕೆ ಇಳಿದಿರುತ್ತದೆ, ತಲೆಗೆ ಮಾತ್ರ ಹಳೆಯ ಅಳತೆ ನೆನಪಿರುತ್ತದೆ. ಚಿಕಿತ್ಸೆ ಮುಗಿಸಿ ಹೊರಬಂದ ಮೊದಲ ವಾರಗಳಲ್ಲಿ ಸಾವು ಜಾಸ್ತಿ ಇರುವುದು ಇದಕ್ಕೇ.

ಜಾಗ ಬದಲಾದರೂ ಹಾಗೇ ಆಗಬಹುದಂತೆ. 1982ರಲ್ಲಿ ಶೆಪರ್ಡ್ ಸೀಗಲ್ ಅನ್ನುವವರು ಇಲಿಗಳಿಗೆ ಹೆರಾಯಿನ್ ಅಭ್ಯಾಸ ಮಾಡಿಸಿ, ಆಮೇಲೆ ಒಂದು ದೊಡ್ಡ ಡೋಸ್ ಕೊಟ್ಟರು. ಅರ್ಧ ಇಲಿಗಳಿಗೆ ಹಳೆಯ ಕೋಣೆಯಲ್ಲಿ, ಉಳಿದರ್ಧಕ್ಕೆ ಬೇರೆ ಕೋಣೆಯಲ್ಲಿ. ಡೋಸ್ ಒಂದೇ. ಬೇರೆ ಕೋಣೆಯಲ್ಲಿ ಸತ್ತವು ಹಳೆಯ ಕೋಣೆಗಿಂತ ಎರಡರಷ್ಟು. ಪರಿಚಯದ ಜಾಗ ಕಂಡರೆ ದೇಹ ಮೊದಲೇ ಸೊಂಟ ಕಟ್ಟಿ ನಿಲ್ಲುತ್ತದೆ, ಗುರುತಿಲ್ಲದ ಜಾಗದಲ್ಲಿ ಮೈಮರೆತಿರುತ್ತದೆ. ಇದೇ ಕಾರಣಕ್ಕೆ ಹಳೆಯ ರೂಮು, ಹಳೆಯ ಗೆಳೆಯರನ್ನು ಕಂಡರೆ 'ಬೇಕು' ಅನ್ನುವುದು ಎದ್ದು ಕೂರುತ್ತದೆ. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಅಲ್ಲಿ ಹೆರಾಯಿನ್‌ಗೆ ಬಿದ್ದ ಅಮೆರಿಕದ ಸೈನಿಕರಲ್ಲಿ ಹೆಚ್ಚಿನವರು ಮನೆಗೆ ಮರಳಿದ ಮೇಲೆ ಅದನ್ನು ಬಿಟ್ಟೇಬಿಟ್ಟರು. 1970ರ ದಶಕದಲ್ಲಿ ಲೀ ರಾಬಿನ್ಸ್ ಅನ್ನುವ ಸಂಶೋಧಕಿ ಇದನ್ನು ಲೆಕ್ಕ ಹಾಕಿ ಹೇಳಿದಾಗ ಯಾರೂ ಸುಲಭಕ್ಕೆ ನಂಬಲಿಲ್ಲ. ನನ್ನ ರೂಂಮೇಟ್ ರೂಮು ಬದಲಾಯಿಸಿದ, ನಮ್ಮ ಗುಂಪಿನಿಂದ ದೂರವಾದ. ನನ್ನಿಂದಲೂ ಒಂದು ವರ್ಷ. ಬೇಜಾರಾಯಿತು, ಆದರೆ ಅವನು ಮಾಡಿದ್ದೇ ಸರಿ.

ತಮ್ಮ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಸರಿ ಅಣ್ಣಾ, ನನ್ನ ಫ್ರೆಂಡ್ ಹಿಂಗಾದ್ರೆ ಗೊತ್ತಾಗೋದು ಹೆಂಗೆ?" ಗುರುತುಗಳ ಪಟ್ಟಿ ಎಲ್ಲಾದರೂ ಸಿಗುತ್ತದೆ, ಕಣ್ಣು ಕೆಂಪು, ದುಡ್ಡು ಖಾಲಿ, ಸ್ನಾನ ಇಲ್ಲ. ಪರೀಕ್ಷೆ ವಾರದಲ್ಲಿ ಹಾಸ್ಟೆಲ್ ಪೂರ್ತಿ ಹಾಗೇ ಇರುತ್ತೆ ಬಿಡು. ಡಾಕ್ಟರುಗಳು ನೋಡುವ ಕೈಪಿಡಿಯಲ್ಲಿ ಹನ್ನೊಂದು ಲಕ್ಷಣ ಇವೆ, ಒಂದು ವರ್ಷದಲ್ಲಿ ಎರಡು ಕಂಡರೂ ಸಮಸ್ಯೆ ಶುರುವಾಗಿದೆ ಅಂತ, ಆರು ಅಥವಾ ಅದಕ್ಕಿಂತ ಜಾಸ್ತಿ ಕಂಡರೆ ತೀವ್ರ ಅಂತ. ಅದರಲ್ಲಿ ನನಗೆ ನಾಟಿದ್ದು ಎರಡು. ಅಂದುಕೊಂಡದ್ದಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದು, ಬಿಡಬೇಕು ಅಂತ ಪ್ರಯತ್ನಪಟ್ಟು ಸೋಲುವುದು. ನನ್ನದೂ ಒಂದು ಸೇರಿಸುತ್ತೇನೆ, ಅದು ಯಾವ ಕೈಪಿಡಿಯಲ್ಲೂ ಇಲ್ಲ: ಅವನಿಗಾಗಿ ನೀನು ಸುಳ್ಳು ಹೇಳಲು ಶುರು ಮಾಡಿದ್ದೀಯಾ? ಪ್ರಾಕ್ಸಿ, ಅಸೈನ್‌ಮೆಂಟು, ಅವರಮ್ಮನ ಫೋನು. ಅದರ ಲೆಕ್ಕ ಇಡು.

"ಆಮೇಲೆ ಅವನಿಗೆ ಏನಂತ ಹೇಳೋದು?" ಅಂದ. ಅದು ನನಗೂ ಆಗ ಗೊತ್ತಿರಲಿಲ್ಲ, ನಾನು ಹೇಳಿದ್ದೆಲ್ಲ ತಪ್ಪು. "ಹಾಳಾಗ್ತಿದ್ದೀಯ ನೀನು" ಅಂದೆ, ಬಾಗಿಲು ಬಡಿದು ಹೋದ. "ಅಮ್ಮನ್ನ ನೆನೆಸ್ಕೋ" ಅಂದೆ, ಆ ರಾತ್ರಿ ಒಂದು ಜಾಸ್ತಿ ತಿಂದ. ಅವನು ಸರಿಯಾದ ಮೇಲೆ ಒಂದು ದಿನ ಕೇಳಿದೆ, ಆಗ ನಾನು ಏನು ಹೇಳಿದ್ದರೆ ಕೇಳುತ್ತಿದ್ದೆ ಅಂತ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: "ಏನೂ ಹೇಳೋದು ಬೇಡಿತ್ತು ಕಣೋ. ರಾತ್ರಿ ನಿದ್ದೆ ಬರ್ತಿದ್ಯಾ ಅಂತ ಕೇಳಿದ್ರೆ ಸಾಕಿತ್ತು. ಯಾರೂ ಕೇಳ್ಲಿಲ್ಲ. ಆಮೇಲೆ ಡಾಕ್ಟರ್ ಹತ್ರ ಹೋಗುವಾಗ ಜೊತೆಗೆ ಬಂದು ಹೊರಗೆ ಕೂತ್ಕೊಂಡಿದ್ರೆ."

ಈಗ ಅವನು ಕೆಲಸದಲ್ಲಿದ್ದಾನೆ, ಬೇರೆ ಊರು. ಮಾತ್ರೆ ಬಿಟ್ಟು ನಾಲ್ಕು ವರ್ಷವಾಯಿತು, ನಡುವೆ ಒಂದು ಕೆಟ್ಟ ತಿಂಗಳು ಬಿಟ್ಟರೆ. ಪುಕ್ಕಲನ ಮದುವೆಗೆ ಬಂದಿದ್ದ, ಅವನ ಪಕ್ಕದಲ್ಲೇ ನಿಂತು ಫೋಟೋ ತೆಗೆಸಿಕೊಂಡ.

ಕಳೆದ ವಾರ ಅವರಮ್ಮ ಫೋನ್ ಮಾಡಿದ್ದರು. "ಎರಡು ದಿನದಿಂದ ಫೋನ್ ಎತ್ತಿಲ್ಲ, ನಿನ್ನ ಜೊತೆ ಮಾತಾಡಿದ್ನೇನಪ್ಪ?" ಹಳೆಯ ಅಭ್ಯಾಸ, 'ಕೆಲಸ ಜಾಸ್ತಿ ಇರ್ಬೇಕು ಆಂಟಿ' ಅನ್ನುವುದು ನಾಲಿಗೆ ತುದಿಗೆ ಬಂದಿತ್ತು.

"ಇಲ್ಲ ಆಂಟಿ, ನನ್ನ ಹತ್ರಾನೂ ಮಾತಾಡಿಲ್ಲ. ನನಗೂ ಗೊತ್ತಿಲ್ಲ. ಈಗಲೇ ಅವನ ಮನೆಗೆ ಯಾರನ್ನಾದ್ರೂ ಕಳಿಸಿ ನೋಡಿಸ್ತೀನಿ" ಅಂದೆ.

ಜ್ವರ ಬಂದು ಮಲಗಿದ್ದನಂತೆ. ಬರೀ ಜ್ವರ. ಬಾಗಿಲು ತೆಗೆದು, ಕಳಿಸಿದವನಿಗೆ ಬೈದನಂತೆ, ಆಮೇಲೆ ಒಳಗೆ ಕರೆದು ಕೂರಿಸಿಕೊಂಡನಂತೆ.